ನಿಮಗಿದು ಗೊತ್ತೇ? – ಕೊಳೆತದ್ದು ಮಾರಿದರೆ ಏನು ಶಿಕ್ಷೆ?

ಕೆಟ್ಟ ವೈನ್ ಮಾರಿದವನಿಗೆ ಅದನ್ನೇ ಕುಡಿಸಿದ ಊರು ಲಂಡನ್! 1364ರಲ್ಲಿ ಜಾನ್ ಪೆನ್‌ರೋಸ್ ಎಂಬ ವ್ಯಾಪಾರಿಗೆ ಆದ ಶಿಕ್ಷೆ ಇದು. ಮಾರಿದ ವೈನನ್ನು ಅವನೇ ಕುಡಿಯಬೇಕು, ಮಿಕ್ಕದ್ದನ್ನು ಅವನ ತಲೆಯ ಮೇಲೆ ಸುರಿಯಬೇಕು, ದೊರೆ ಕೃಪೆ ತೋರದ ಹೊರತು ಆತ ನಗರದಲ್ಲಿ ಮತ್ತೆ ಈ ವ್ಯಾಪಾರ ಮಾಡಕೂಡದು.

ಮರುವರ್ಷ ಅದೇ ಊರಿನಲ್ಲಿ ಒಬ್ಬ 37 ಕೊಳೆತ ಪಾರಿವಾಳಗಳನ್ನು ಮಾರಾಟಕ್ಕಿಟ್ಟು ಸಿಕ್ಕಿಬಿದ್ದ. ಹಲಗೆಯ ತೂತುಗಳಲ್ಲಿ ಕತ್ತು, ಕೈ ಸಿಕ್ಕಿಸಿ ಅವನನ್ನು ಜನರೆದುರು ನಿಲ್ಲಿಸಿದರು. ಪಾರಿವಾಳಗಳನ್ನು ಅವನ ಕೆಳಗೇ ಸುಟ್ಟರು. ಹೊಗೆ, ನಾತ ಎರಡೂ ನೇರ ಅವನ ಮೂಗಿಗೆ!

ಹಾಗೆಂದು ದೂರು ಬಂದ ಕೂಡಲೇ ಶಿಕ್ಷೆ ಆಗುತ್ತಿರಲಿಲ್ಲ. 1351ರಲ್ಲಿ ಗಿರಾಕಿಯೊಬ್ಬ ಹಿಟ್ಟಿನಲ್ಲಿ ಸುತ್ತಿ ಬೇಯಿಸಿದ ಎರಡು ಹುಂಜ ಕೊಂಡ. ಹಸಿವಿನ ಭರದಲ್ಲಿ ಮೊದಲನೆಯದನ್ನು ಬಹುಪಾಲು ತಿಂದು ಮುಗಿಸಿದ ಮೇಲೆ ವಾಸನೆ ಗೊತ್ತಾಯಿತು. ಎರಡನೆಯದನ್ನು ಬಿಚ್ಚಿದರೆ ಅದೂ ಹಾಗೆಯೇ. ವಿಚಾರಣೆಗೆ ಕರೆಸಿದ್ದು ಮಾರಿದವನ ಕಸುಬಿನವರೇ ಆದ ಅಡುಗೆಯವರನ್ನು. ಮಾರುವಾಗ ಮಾಂಸ ಚೆನ್ನಾಗಿಯೇ ಇತ್ತು ಎಂದು ಅವರು ಹೇಳಿದ್ದರಿಂದ ಮಾರಿದವ ಪಾರಾದ. ಕಸುಬು ಬಲ್ಲವರನ್ನು ಕೇಳಿದ್ದು ಸರಿ, ಆದರೆ ಅದೇ ಕಸುಬಿನವರೇ ತೀರ್ಪು ಹೇಳಿದರೆ ಗಿರಾಕಿಗೆ ನ್ಯಾಯ ಸಿಗುವುದು ಕಷ್ಟ.

ಕೊಳೆತದ್ದಷ್ಟೇ ಅಲ್ಲ, ಕಲಬೆರಕೆಯೂ ಅಪಾಯವೇ. ಇಂಗ್ಲೆಂಡಿನ ಬ್ರಾಡ್‌ಫರ್ಡ್ ಮಾರುಕಟ್ಟೆಯಲ್ಲಿ 1858ರಲ್ಲಿ ಮಾರಿದ ಪೆಪ್ಪರ್‌ಮಿಂಟ್ ಮಿಠಾಯಿ ತಿಂದು ಸುಮಾರು 20 ಮಂದಿ ಸತ್ತರು, ಮಕ್ಕಳೂ ಇದ್ದರು. ಸಕ್ಕರೆ ದುಬಾರಿ ಎಂದು ಜಿಪ್ಸಮ್ಮಿನಂಥ ಅಗ್ಗದ ಪುಡಿ ಬೆರೆಸುವುದು ಆಗ ಮಾಮೂಲು. ಔಷಧದಂಗಡಿಯಲ್ಲಿ ಆ ಪುಡಿಯ ಬದಲು ಪ್ರಮಾದದಿಂದ ಆರ್ಸೆನಿಕ್ ತೂಗಿಕೊಟ್ಟಿದ್ದರು. ಮಾರುಕಟ್ಟೆಯಲ್ಲಿ ಮಾರಿದವನೂ ಕಾಯಿಲೆ ಬಿದ್ದ. ಔಷಧದಂಗಡಿಯವರ ಮೇಲೆ, ಮಿಠಾಯಿ ಮಾಡಿದವನ ಮೇಲೆ ಮೊಕದ್ದಮೆ ನಡೆದರೂ ಯಾರಿಗೂ ಶಿಕ್ಷೆ ಆಗಲಿಲ್ಲ. ಈ ದುರಂತದ ಬಳಿಕ 1860ರಲ್ಲಿ ಬ್ರಿಟನ್ ಕಲಬೆರಕೆ ತಡೆ ಕಾಯಿದೆ ತಂದಿತು.

ಅದೇ 1860ರಲ್ಲಿ ರೂಪುಗೊಂಡ ನಮ್ಮ ಭಾರತೀಯ ದಂಡ ಸಂಹಿತೆಯ 273ನೇ ಕಲಂ, ತಿನ್ನಲು ಯೋಗ್ಯವಲ್ಲದ್ದನ್ನು ಗೊತ್ತಿದ್ದೂ ಮಾರಿದವರಿಗೆ ಆರು ತಿಂಗಳವರೆಗೆ ಸೆರೆ, ಒಂದು ಸಾವಿರ ರೂಪಾಯಿವರೆಗೆ ದಂಡ ಎಂದಿತು. ಆ ಸಾವಿರ 2024ರ ಜೂನ್ ಮುಗಿಯುವವರೆಗೂ ಸಾವಿರವಾಗಿಯೇ ಉಳಿದಿತ್ತು! ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 5,000. ಮಕ್ಕಳ ಹೊಟ್ಟೆಗೆ ವಿಷ ಹಾಕುವವರಿಗೆ ಇದು ಯಾವ ಲೆಕ್ಕ?

ನಿಜವಾದ ಬಿಗಿ ಇರುವುದು 2006ರ ಆಹಾರ ಸುರಕ್ಷತಾ ಕಾಯಿದೆಯಲ್ಲಿ. ಅಸುರಕ್ಷಿತ ಆಹಾರದಿಂದ ಸಾವಾದರೆ ಕನಿಷ್ಠ 7 ವರ್ಷ ಸೆರೆ, ಜೀವಾವಧಿಯವರೆಗೂ ಹೋಗಬಹುದು; ದಂಡ 10 ಲಕ್ಷಕ್ಕೆ ಕಡಿಮೆ ಇಲ್ಲ.

ಹತ್ತಿರದ ಉದಾಹರಣೆ ನೋಡಿ: ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು, ಬಾಂಬೆ ಮಿಠಾಯಿಗೆ ರೋಡಮೈನ್-ಬಿ ಬೆರೆಸುವುದನ್ನು ಕರ್ನಾಟಕ ನಿಷೇಧಿಸಿದ್ದು 2024ರ ಮಾರ್ಚ್‌ನಲ್ಲಿ. ರೋಡಮೈನ್-ಬಿ ಬಟ್ಟೆಗೆ ಹಾಕುವ ಬಣ್ಣ.

ಅಧಿಕಾರಿಗಳು ಬರಲಿ ಎಂದು ಕಾಯಬೇಕಾಗಿಯೂ ಇಲ್ಲ. 2006ರ ಅದೇ ಕಾಯಿದೆಯ 40ನೇ ಕಲಂ ಪ್ರಕಾರ, ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಿ, ಶುಲ್ಕ ಕಟ್ಟಿ, ಕೊಂಡದ್ದನ್ನು ನೀವೇ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ವರದಿಯಲ್ಲಿ ತಪ್ಪು ಕಂಡರೆ ಶುಲ್ಕ ವಾಪಸು ಸಿಗುತ್ತದೆ. ಅನುಮಾನ ಬಂದಾಗ ಈ ಹಕ್ಕನ್ನು ಬಳಸಿ.