ಉಷಾಹಿದಿ: ಕಂಡವರು ಬರೆದ ನಕಾಶೆ

ಸ್ವಾಹಿಲಿ ಭಾಷೆಯಲ್ಲಿ 'ಉಷಾಹಿದಿ' ಎಂದರೆ ಸಾಕ್ಷ್ಯ. ಮದ್ರಸಾದಲ್ಲಿ ಓದಿದ ನಮಗೆ ಇದು ಹೊಸ ಪದವಲ್ಲ. ಶಾಹಿದ್, ಶಹಾದತ್ ಎಂಬ ಅರಬಿ ಪದಗಳ ಕುಟುಂಬಕ್ಕೇ ಸೇರಿದ್ದು.

2007ರ ಡಿಸೆಂಬರ್‌ನಲ್ಲಿ ಚುನಾವಣೆಯ ಫಲಿತಾಂಶ ಹೊರಬಿದ್ದಾಗ ಕೆನ್ಯಾದಲ್ಲಿ ಗಲಭೆ ಹಬ್ಬಿತು. ಸರಕಾರ ಸುದ್ದಿಯ ನೇರ ಪ್ರಸಾರವನ್ನು ನಿಷೇಧಿಸಿತು. ಪಕ್ಕದ ಊರಿನಲ್ಲಿ ಏನಾಗುತ್ತಿದೆಯೆಂದು ಜನರಿಗೆ ತಿಳಿಯದಾಯಿತು. ಆಗ ವಕೀಲೆ ಓರಿ ಒಕೊಲ್ಲೊ ಮತ್ತು ಅವರ ಗೆಳೆಯರು ಕೆಲವೇ ದಿನಗಳಲ್ಲಿ ಉಷಾಹಿದಿಯನ್ನು ಕಟ್ಟಿದರು. ಮನೆಗೆ ಬೆಂಕಿ ಬಿದ್ದದ್ದನ್ನು, ಲೂಟಿಯನ್ನು ಕಂಡವರು ಸಾಧಾರಣ ಮೊಬೈಲಿನಿಂದ ಒಂದು ಎಸ್‌ಎಂಎಸ್ ಕಳಿಸಿದರೂ ಸಾಕು, ಆ ಜಾಗ ನಕಾಶೆಯಲ್ಲಿ ಗುರುತಾಗುತ್ತಿತ್ತು.

ಆದರೆ ಬಂದದ್ದೆಲ್ಲ ನಿಜವೆಂದು ನಂಬುವುದು ಹೇಗೆ? ಗಲಭೆಯ ಹೊತ್ತಿನಲ್ಲಿ ಒಂದು ಸುಳ್ಳು ಇನ್ನೊಂದು ಮನೆಯನ್ನು ಸುಡಬಲ್ಲದು. ಆದ್ದರಿಂದ ವರದಿಗಳನ್ನು ಸ್ಥಳೀಯ ಸಂಸ್ಥೆಗಳಲ್ಲಿ ವಿಚಾರಿಸಿ ನೋಡುವ ಕೆಲಸಕ್ಕೂ ಜನ ಕುಳಿತರು. ನಮ್ಮ ಮೊಹಲ್ಲಾಗಳ ವಾಟ್ಸಾಪ್ ಗುಂಪುಗಳಲ್ಲಿ ಕಾಣದಿರುವುದು ಇವರನ್ನೇ. ಅಲ್ಲಿ ಕಂಡವನೂ ಕೇಳಿದವನೂ ಒಂದೇ ಆಗಿಬಿಡುತ್ತಾರೆ.

2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪವಾದಾಗಲೂ ಇದೇ ವ್ಯವಸ್ಥೆ ನೆರವಿಗೆ ಬಂತು. ಅವಶೇಷಗಳ ನಡುವಿನಿಂದ ಕ್ರಿಯೋಲ್ ಭಾಷೆಯಲ್ಲಿ ಬಂದ ಎಸ್‌ಎಂಎಸ್‌ಗಳನ್ನು ಪರದೇಶಗಳಲ್ಲಿ ನೆಲೆಸಿದ್ದ ಹೈಟಿಯವರು ಅನುವಾದಿಸಿ, ಜಾಗ ಗುರುತಿಸಿ, ರಕ್ಷಣೆಗೆ ಹೋದವರಿಗೆ ತಲುಪಿಸಿದರು.