ಇತವಾರಿಯಿಂದ ಕಾಣುವ ‘ಚೋಮನ ದುಡಿ’

ನಾಗಪುರದ ಪೂರ್ವಭಾಗದಲ್ಲಿರುವ ಹಳೆಯ ಪೇಟೆ ಇತವಾರಿ. ಹೆಸರಿನ ಮೂಲ ಭಾನುವಾರದ ಸಂತೆ. ಬುಧವಾರಿ, ಶುಕ್ರವಾರಿ, ಮಂಗಳವಾರಿ ಎಂಬ ಬಡಾವಣೆಗಳೂ ಅದೇ ಊರಿನಲ್ಲಿವೆ. ವಾರಕ್ಕೊಮ್ಮೆ ಕೂಡಿ ಚದುರುತ್ತಿದ್ದ ಸಂತೆ ನೆಲೆಯೂರಿ ಧಾನ್ಯ, ಬಟ್ಟೆಗಳ ಸಗಟು ಪೇಟೆಯಾಯಿತು. 1877ರಲ್ಲಿ ಜಮಶೇಟಜಿ ಟಾಟಾ ಅವರ ಎಂಪ್ರೆಸ್ ಗಿರಣಿ ಈ ನಗರದಲ್ಲಿ ಆರಂಭವಾದ ಮೇಲೆ ಸರಕಿನಂತೆ ದುಡಿಮೆಗೂ ನಗದು ಬೆಲೆ ಬಂದಿತು. ಶಿವರಾಮ ಕಾರಂತರ ‘ಚೋಮನ ದುಡಿ’ಗೂ (1933) ಈ ಪೇಟೆಗೂ ನೇರ ಸಂಬಂಧವೇನೂ ಇಲ್ಲ. ಆದರೆ ಅಭಿಜಾತ ಕೃತಿಯು ತನ್ನ ಕಾಲಕ್ಕೆ ಉತ್ತರ ದೊರೆಯದ ಪ್ರಶ್ನೆಯೊಂದನ್ನು ಮುಂದಿನ ಕಾಲಕ್ಕೆ ದಾಟಿಸಬಲ್ಲುದು. ನಾಗಪುರದ ಚರಿತ್ರೆಯನ್ನು ಬಲ್ಲ ಓದುಗನಿಗೆ ಈ ಕಾದಂಬರಿ ಬೇರೆಯಾಗಿ ಕಾಣಲು ಕಾರಣ ಇದೇ.

ಚೋಮನ ಆಸೆ ಚಿಕ್ಕದು: ತುಂಡು ನೆಲವನ್ನು ಗೇಣಿಗೆ ಪಡೆದು ಬೇಸಾಯ ಮಾಡಬೇಕು. ಎತ್ತುಗಳಿವೆ, ಕಸುವಿದೆ. ಅಸ್ಪೃಶ್ಯನಾದವನು ಸ್ವಂತ ಬೇಸಾಯಗಾರನಾಗಕೂಡದೆಂಬ ಕಟ್ಟಳೆ ಮಾತ್ರ ಅಡ್ಡ. ಒಡೆಯ ಸಂಕಪ್ಪಯ್ಯ ದುಷ್ಟನಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಕೊಡುವ ಮನಸ್ಸು ಅವನಿಗಿದೆ. ತಾಯಿಯ ಆಕ್ಷೇಪವನ್ನು ಮೀರುವ ಧೈರ್ಯವಿಲ್ಲ. ಒಬ್ಬ ಖಳನನ್ನು ಸೃಷ್ಟಿಸಿ ಹೊಣೆಯನ್ನೆಲ್ಲ ಅವನ ತಲೆಗೆ ಕಟ್ಟುವ ಸುಲಭದ ದಾರಿಯನ್ನು ಕಾರಂತರು ಹಿಡಿಯಲಿಲ್ಲ. ಅನ್ಯಾಯವು ವ್ಯಕ್ತಿಯ ಗುಣದಲ್ಲಿರದೆ ವ್ಯವಸ್ಥೆಯ ರೂಢಿಯಲ್ಲಿದೆ ಎಂಬ ತಿಳಿವಳಿಕೆ 1933ರ ಕನ್ನಡ ಕಾದಂಬರಿಯಲ್ಲಿ ಇಷ್ಟು ಸ್ಪಷ್ಟವಾಗಿ ಮೂಡಿರುವುದು ಸಾಮಾನ್ಯ ಸಂಗತಿಯಲ್ಲ.

ಮತಾಂತರವಾದರೆ ನೆಲ ಸಿಕ್ಕೀತೆಂದು ಚೋಮ ಹೊರಡುತ್ತಾನೆ, ದಾರಿಯಲ್ಲಿ ಪಂಜುರ್ಲಿಯ ನೆನಪು ಹಿಡಿದು ನಿಲ್ಲಿಸುತ್ತದೆ, ಹಿಂದಿರುಗುತ್ತಾನೆ. ಇದನ್ನು ನಂಬಿಕೆಯ ಗೆಲುವೆಂದು, ಇಲ್ಲವೆ ಸಂಪ್ರದಾಯದ ಹಿಡಿತವೆಂದು ವಿವರಿಸುವುದು ವಾಡಿಕೆ. ಎರಡೂ ಅರ್ಧ ಸತ್ಯಗಳು. ಅವನು ಒಬ್ಬನೇ ಹೊರಟಿದ್ದನೆಂಬುದು ಅಷ್ಟೇ ಮುಖ್ಯ. ಮಗ ಗುರುವ ಅದಕ್ಕೂ ಮೊದಲು ಮತ ಬದಲಿಸಿದ್ದ. ಅವನೂ ಒಬ್ಬನೇ ಹೋದವನು. ಒಬ್ಬೊಬ್ಬರಾಗಿ ಹೋದವರು ಮನೆಯನ್ನು, ದೈವವನ್ನು, ಕುಲವನ್ನು ಕಳೆದುಕೊಂಡೇ ಹೋಗಬೇಕು.

ನಾಗಪುರದಲ್ಲಿ ನಡೆದದ್ದು ಬೇರೆ. 1956ರ ಅಕ್ಟೋಬರ್ 14ರಂದು, ವಿಜಯದಶಮಿಯ ದಿನ, ಬಿ. ಆರ್. ಅಂಬೇಡ್ಕರರು ಬೌದ್ಧ ಧರ್ಮವನ್ನು ಸ್ವೀಕರಿಸಿದಾಗ ಲಕ್ಷಾಂತರ ಜನ ಅವರೊಂದಿಗಿದ್ದರು. ನೆರೆಹೊರೆಯೂ ನೆಂಟರೂ ಜೊತೆಯಲ್ಲೇ ದಾಟಿದ್ದರಿಂದ ಯಾರೂ ಅನಾಥರಾಗಲಿಲ್ಲ. ಈ ಸಂಘಟನೆಯ ಹಿಂದೆ ನಗರದ ದುಡಿಮೆಯೂ ಇತ್ತು. ದಪ್ಪ ಬಟ್ಟೆ ನೇಯುತ್ತಿದ್ದ ವಿದರ್ಭದ ಮಹಾರರಲ್ಲಿ ಅನೇಕರು ಗಿರಣಿಯ ಕೂಲಿಗಳಾಗಿದ್ದರು. ಕೈಗೆ ಬರುವ ಸಂಬಳ ಊರ ಒಡೆಯನ ಹಂಗನ್ನು ಸಡಿಲಿಸಿತ್ತು. ಚೋಮನ ಮಕ್ಕಳಿಗೆ ಕಾಫಿ ತೋಟದಲ್ಲಿ ದೊರೆತದ್ದು ಅಂಥ ಸಂಬಳವಲ್ಲ, ಸಾಲ ತೀರಿಸುವ ಜೀತ.

ಹಾಗೆಂದು ಗಿರಣಿಯನ್ನು ವಿಮೋಚಕನನ್ನಾಗಿ ಕಾಣಬೇಕಿಲ್ಲ. ಮುಂಬಯಿಯ ಗಿರಣಿಗಳಲ್ಲಿ ನೇಯ್ಗೆಯ ವಿಭಾಗ ಅಸ್ಪೃಶ್ಯರಿಗೆ ಮುಚ್ಚಿತ್ತು: ಕಡಿದ ನೂಲಿಗೆ ಬಾಯಿ ತಾಗಿಸಬೇಕಾಗುತ್ತಿತ್ತು, ಅವರ ಎಂಜಲು ಮುಟ್ಟಿದ ನೂಲನ್ನು ಸವರ್ಣ ಕೂಲಿಗಳು ಮುಟ್ಟಲೊಲ್ಲರು! ಯಂತ್ರ ಬಂದರೆ ಜಾತಿ ತಾನಾಗಿ ಹೋದೀತೆಂದು ನಂಬಿದ ಪ್ರಗತಿಪರರು ಈ ನೂಲಿನ ಎಳೆಯನ್ನು ನೋಡಿರಲಾರರು.

ದೀಕ್ಷೆ ಆತ್ಮಗೌರವವನ್ನು ನೀಡಿತು. ನೆಲದ ಪ್ರಶ್ನೆ ಉಳಿಯಿತು. 1959ರಲ್ಲಿ ದಾದಾಸಾಹೇಬ ಗಾಯಕವಾಡರ ನೇತೃತ್ವದಲ್ಲಿ ಭೂಹೀನರ ಸತ್ಯಾಗ್ರಹ ನಡೆದು, 1964ರಲ್ಲಿ ದೇಶವ್ಯಾಪಿಯಾಯಿತು. ಕರ್ನಾಟಕದಲ್ಲಿ 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿದಾರನನ್ನು ಹೊಲದೊಡೆಯನನ್ನಾಗಿ ಮಾಡಿತು. ಆ ಕಾಯಿದೆಯಡಿ ಚೋಮ ಅರ್ಜಿ ಹಾಕಿದ್ದರೆ ಅದು ತಿರಸ್ಕೃತವಾಗುತ್ತಿತ್ತು. ಅವನು ಗೇಣಿದಾರನಲ್ಲ, ಗೇಣಿಗೆ ಕೇಳಿ ಇಲ್ಲವೆನ್ನಿಸಿಕೊಂಡವನು.