ಗುರುತಿಲ್ಲದವರಿಗೆ ಬರೆಯುವ ನಾಲ್ಕು ಸಾಲು

ಕನ್ನಡದಲ್ಲಿ ಪಾಡ್‌ಕಾಸ್ಟ್ ಮಾಡಬೇಕೆನ್ನುವವರಿಗೆ ಮೈಕು, ಎಡಿಟಿಂಗ್ ತಂತ್ರಾಂಶ ಎಲ್ಲವೂ ಈಗ ಕೈಗೆಟುಕುತ್ತವೆ. ಕಷ್ಟವಿರುವುದು ಮಾತಾಡುವ ಜನರನ್ನು ಹುಡುಕುವುದರಲ್ಲಿ. ಸಿನಿಮಾದವರು, ಸಾಹಿತಿಗಳು ಹೇಗೋ ಸಿಗುತ್ತಾರೆ, ಅವರ ನಂಬರು ಯಾರ ಹತ್ತಿರವಾದರೂ ಇರುತ್ತದೆ. ನನಗೆ ಬೇಕಾದವರೇ ಬೇರೆ. ಬೆಂಗಳೂರಿಗೆ ಕಾವೇರಿ ನೀರು ಏರಿಸುವ ಪಂಪುಗಳ ಜೊತೆ ಇಡೀ ನೌಕರಿ ಕಳೆದ ಎಂಜಿನಿಯರ್, ಅಡಿಕೆಯ ಎಲೆಚುಕ್ಕಿ ರೋಗದ ಬೆನ್ನು ಹತ್ತಿದ ವಿಜ್ಞಾನಿ, ರೇಷ್ಮೆಗೂಡಿನ ಗುಣಮಟ್ಟ ಬಲ್ಲ ತಜ್ಞೆ. ಇವರನ್ನು ಯಾವ ವಾಹಿನಿಯೂ ಕರೆಯುವುದಿಲ್ಲ. ಇವರ ತಲೆಯಲ್ಲಿರುವುದು ಕನ್ನಡದಲ್ಲಿ ಎಲ್ಲೂ ದಾಖಲಾಗಿಲ್ಲ, ನನ್ನ ಚಿಂತೆ ಅದೇ.

ಇಂಥವರನ್ನು ನಾನು ಹುಡುಕುವುದು ಲಿಂಕ್ಡ್‌ಇನ್‌ನಲ್ಲಿ. 2003ರಲ್ಲಿ ಶುರುವಾಗಿ, 2016ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡ ಈ ತಾಣಕ್ಕೆ ಹೆಚ್ಚಿನವರು ಹೋಗುವುದು ಕೆಲಸ ಹುಡುಕಲು. ನನಗೆ ಉಪಯೋಗಕ್ಕೆ ಬರುವುದು ಅಲ್ಲಿನ ಇನ್ನೊಂದು ಗುಣ. ಯಾರು ಎಲ್ಲಿ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಏನು ಕೆಲಸ ಮಾಡಿದರು ಎಂದು ಅವರೇ ಬರೆದಿಟ್ಟಿರುತ್ತಾರೆ. ಫೇಸ್‌ಬುಕ್ಕಿನಲ್ಲಿ ಒಬ್ಬರ ಮನೆಯ ಹಬ್ಬ ಕಾಣಬಹುದು, ಅವರು ಇಪ್ಪತ್ತು ವರ್ಷ ನೋಡಿಕೊಂಡ ಯಂತ್ರ ಕಾಣುವುದಿಲ್ಲ.

ಹುಡುಕುವಾಗ ಊರಿನ ಹೆಸರು ಕೈಕೊಡುತ್ತದೆ. ಕರ್ನಾಟಕದ 12 ನಗರಗಳ ಹೆಸರು ಬದಲಾದದ್ದು 2014ರ ನವೆಂಬರ್ 1ರಂದು. ಆದರೆ ಅದಕ್ಕೂ ಮೊದಲು ಪ್ರೊಫೈಲ್ ತೆರೆದವರಲ್ಲಿ ಎಷ್ಟೋ ಜನ ಅದನ್ನು ಮತ್ತೆ ಮುಟ್ಟಿಲ್ಲ. ಹಾಗಾಗಿ ಶಿವಮೊಗ್ಗ ಎಂದೂ ಹುಡುಕಬೇಕು, ಶಿಮೋಗ ಎಂದೂ ಹುಡುಕಬೇಕು. ಕಲಬುರಗಿ, ಗುಲ್ಬರ್ಗ ಎರಡೂ ಬೇಕು. ಹಿರಿಯರು ಸಿಗುವುದು ಹಳೆಯ ಹೆಸರಿನಲ್ಲೇ. ಕಾಲೇಜುಗಳ ಪುಟದಲ್ಲಿ ಹಳೆಯ ವಿದ್ಯಾರ್ಥಿಗಳ ವಿಭಾಗವೊಂದು ಇರುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಪುಟ ತೆರೆದು, ಓದಿದ ವಿಷಯದ ಪ್ರಕಾರ ಸೋಸಿದರೆ ಅರ್ಧ ಕೆಲಸ ಮುಗಿದಂತೆ.

ಸಂಪರ್ಕ ಕೋರುವಾಗ ಜೊತೆಗೊಂದು ಟಿಪ್ಪಣಿ ಹಾಕಬಹುದು. ಹಣ ಕಟ್ಟದ ಖಾತೆಗೆ ಅಲ್ಲಿ ಸಿಗುವ ಜಾಗ 200 ಅಕ್ಷರ, ಅದೂ ತಿಂಗಳಿಗೆ ಕೆಲವೇ ಟಿಪ್ಪಣಿ. ಕನ್ನಡದಲ್ಲಿ ಬರೆದರೆ ಈ ಜಾಗ ಇನ್ನೂ ಬೇಗ ತುಂಬುತ್ತದೆ. ಕಂಪ್ಯೂಟರು ಒತ್ತು, ಗುಣಿತದ ಚಿಹ್ನೆಗಳನ್ನೂ ಬೇರೆಬೇರೆಯಾಗಿ ಎಣಿಸುವುದರಿಂದ ನಮ್ಮ ಕಣ್ಣಿಗೆ ಒಂದೇ ಆಗಿರುವ ‘ಸ್ತ್ರೀ’ ಯೂನಿಕೋಡ್ ಲೆಕ್ಕದಲ್ಲಿ ಆರಾಗುತ್ತದೆ. ಆದರೂ ನಾನು ಕನ್ನಡದಲ್ಲೇ ಬರೆಯುತ್ತೇನೆ. ಇಂಗ್ಲಿಷ್ ಮಾರಾಟದ ಸಂದೇಶಗಳ ರಾಶಿಯಲ್ಲಿ ಕನ್ನಡದ ನಾಲ್ಕು ಸಾಲಿನ ಮೇಲೆ ಕಣ್ಣು ನಿಲ್ಲುತ್ತದೆ. ಕರೆಯುತ್ತಿರುವುದು ಕನ್ನಡದಲ್ಲಿ ಮಾತಾಡಲು ಎಂಬುದನ್ನು ಬೇರೆ ವಿವರಿಸಬೇಕಾಗಿಯೂ ಇಲ್ಲ.

ನೀರಿನ ಎಂಜಿನಿಯರಿಗೆ ಬರೆದದ್ದು ಇಷ್ಟು: “ನಮಸ್ಕಾರ ಸರ್. ಹಾರೋಹಳ್ಳಿಯಲ್ಲಿ ಪಂಪ್ ನಿಂತರೆ ಬೆಂಗಳೂರಿನ ನಲ್ಲಿ ಎಷ್ಟು ಹೊತ್ತಿಗೆ ಒಣಗುತ್ತದೆ? ಇದನ್ನು ಕನ್ನಡದ ಕೇಳುಗರಿಗೆ ನೀವು ಹೇಳಬೇಕು. ಪಾಡ್‌ಕಾಸ್ಟ್ ನಡೆಸುತ್ತೇನೆ. ವಿವರ ಕಳಿಸಲೇ?”

ಕಾವೇರಿ ನೀರು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪಾಗಿ, ಸುಮಾರು 100 ಕಿಲೋಮೀಟರ್ ಸಾಗಿ ನಗರ ಮುಟ್ಟುತ್ತದೆ. ನಡುವಿನ ನಿಲ್ದಾಣದ ಹೆಸರೆತ್ತಿ ಕೇಳಿದರೆ, ಈತ ಓದಿಕೊಂಡು ಬಂದಿದ್ದಾನೆ ಎಂದು ಆ ಕೆಲಸ ಮಾಡಿದವರಿಗೆ ತಕ್ಷಣ ಗೊತ್ತಾಗುತ್ತದೆ. “ನಿಮ್ಮ ಸಾಧನೆಯ ಪಯಣವನ್ನು ಹಂಚಿಕೊಳ್ಳಿ” ಎಂಬ ಸಾಲನ್ನು ಯಾರಿಗೆ ಬೇಕಾದರೂ ಕಳಿಸಬಹುದು, ಅದಕ್ಕೇ ಅದಕ್ಕೆ ಯಾರೂ ಉತ್ತರಿಸುವುದಿಲ್ಲ. ತಂತ್ರಾಂಶ ಬಿಟ್ಟು ನೂರಾರು ಜನರಿಗೆ ಒಂದೇ ಸಂದೇಶ ಎಸೆಯುವವರಿದ್ದಾರೆ. ಲಿಂಕ್ಡ್‌ಇನ್ ನಿಯಮದಲ್ಲೇ ಅದಕ್ಕೆ ನಿಷೇಧವಿದೆ. ನಿಯಮ ಇರದಿದ್ದರೂ ನಾನು ಹಾಗೆ ಮಾಡುತ್ತಿರಲಿಲ್ಲ. ಓದದೆ ಬರೆಯುವುದು ಆ ವ್ಯಕ್ತಿಯ ಕೆಲಸಕ್ಕೆ ಮಾಡುವ ಅಗೌರವ.

ನಂಟಿಲ್ಲದವರಿಂದ ಏನಾದೀತು ಎನ್ನುವವರಿಗೆ ಒಂದು ಮಾತು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಹೇಳಿದ್ದು, ಹೊಸ ಸುದ್ದಿ ನಮಗೆ ಬರುವುದು ಆಪ್ತರಿಗಿಂತ ಹೆಚ್ಚಾಗಿ ಅಲ್ಪ ಪರಿಚಯದವರಿಂದ ಎಂದು. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದಲ್ಲ! ಲಿಂಕ್ಡ್‌ಇನ್‌ನ ಸುಮಾರು ಎರಡು ಕೋಟಿ ಬಳಕೆದಾರರ ಮೇಲೆ ನಡೆದು 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೂ, ಉದ್ಯೋಗದ ವಿಷಯದಲ್ಲಿ, ಇದನ್ನು ಬಹುಮಟ್ಟಿಗೆ ಒಪ್ಪಿತು. ಅತಿಥಿಗಳ ಹುಡುಕಾಟದಲ್ಲಿ ನನ್ನ ಅನುಭವವೂ ಅದೇ. ಇಬ್ಬರಿಗೂ ಗೊತ್ತಿರುವ ಒಬ್ಬರಿದ್ದರೆ ಆ ಹೆಸರನ್ನು, ಅವರನ್ನು ಕೇಳಿಕೊಂಡು, ಬರೆಯುತ್ತೇನೆ.

ಉತ್ತರ ಬಂತು ಎನ್ನಿ. ಮೊದಲು ಎದುರಾಗುವುದು ಅನುಮಾನ, ಅದು ನ್ಯಾಯವೇ. ಅತಿಥಿಗಳಿಂದಲೇ ದುಡ್ಡು ಕೇಳುವ ಕಾರ್ಯಕ್ರಮಗಳೂ ಇವೆ. ಆದ್ದರಿಂದ ಎರಡನೆಯ ಸಂದೇಶದಲ್ಲೇ ಎಲ್ಲ ಹೇಳಿಬಿಡುತ್ತೇನೆ: ನೀವು ಏನೂ ಕೊಡಬೇಕಿಲ್ಲ, ನನ್ನಿಂದಲೂ ಸಂಭಾವನೆ ಇಲ್ಲ, ಒಂದು ಗಂಟೆ ಸಮಯ ಬೇಕು, ಪ್ರಸಾರಕ್ಕೆ ಮುಂಚೆ ನೀವು ಕೇಳಿ ಬೇಡವೆಂದ ಭಾಗ ತೆಗೆಯುತ್ತೇನೆ. ಹಳೆಯ ಸಂಚಿಕೆಯೊಂದರ ಕೊಂಡಿಯನ್ನೂ ಕಳಿಸುತ್ತೇನೆ. ಹಾಲಿ ಸರ್ಕಾರಿ ನೌಕರರಾಗಿದ್ದರೆ ನಡತೆ ನಿಯಮಗಳ ಪ್ರಕಾರ ಮೇಲಧಿಕಾರಿಯ ಅನುಮತಿ ಬೇಕಾಗಬಹುದು. ಅದನ್ನು ನಾನೇ ನೆನಪಿಸುತ್ತೇನೆ, ನನ್ನಿಂದ ಯಾರಿಗೂ ನೋಟಿಸು ಬರಬಾರದು. ಉತ್ತರ ಬಾರದಿದ್ದರೆ ವಾರ ಬಿಟ್ಟು ಒಂದೇ ಒಂದು ಜ್ಞಾಪನೆ, ಅಷ್ಟಕ್ಕೆ ಸುಮ್ಮನಾಗುತ್ತೇನೆ.

ಆಮೇಲೆ ಬರುವುದು ಭಾಷೆಯ ಅಳುಕು. “ಟೆಕ್ನಿಕಲ್ ವಿಷಯ ನಂಗೆ ಕನ್ನಡದಲ್ಲಿ ಹೇಳೋಕೆ ಬರಲ್ಲ ರೀ,” ಎನ್ನದವರೇ ಕಡಿಮೆ. ಆಗ ಬರೆಯುವುದನ್ನು ನಿಲ್ಲಿಸಿ ಫೋನ್ ಮಾಡುತ್ತೇನೆ. “ಸೈಟಿನಲ್ಲಿ ಫಿಟ್ಟರ್ ಹತ್ತಿರ ಹೇಗೆ ಮಾತಾಡ್ತಿದ್ರಿ ಸರ್?” ಎಂದರೆ ಸಾಕು, ವಾಲ್ವು, ಪ್ರೆಶರ್ರು, ಬೇರಿಂಗು ಎಲ್ಲ ಸೇರಿಕೊಂಡು ಸರಾಗವಾದ ಕನ್ನಡ ಹೊರಡುತ್ತದೆ. ನನಗೆ ಬೇಕಾದ ಕನ್ನಡ ಅದೇ. ಆ ಮಾತನ್ನು ತಿದ್ದಲು ನಾನು ಯಾರು?

ಲಿಂಕ್ಡ್‌ಇನ್‌ನಲ್ಲಿ ಎಲ್ಲರೂ ಇಲ್ಲ. ರಾಮನಗರದ ನೂಲು ಬಿಚ್ಚಣಿಕೆಯವರು ಅಲ್ಲಿ ಖಾತೆ ತೆರೆದು ಕೂತಿರುವುದಿಲ್ಲ. ಆದರೆ ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯಿಂದ ನಿವೃತ್ತರಾದವರು ಇರುತ್ತಾರೆ, ಅವರಿಗೆ ಬಿಚ್ಚಣಿಕೆಯವರ ಮನೆಗಳೇ ಗೊತ್ತಿರುತ್ತವೆ. ರೆಕಾರ್ಡಿಂಗ್ ಮುಗಿದ ಮೇಲೆ “ಮುಂದೆ ಯಾರನ್ನು ಮಾತಾಡಿಸಲಿ?” ಎಂದು ತಪ್ಪದೆ ಕೇಳುತ್ತೇನೆ.

ಈಗ ಹುಡುಕುತ್ತಿರುವುದು ಕೋಲಾರ ಚಿನ್ನದ ಗಣಿಯ ಒಳಗೆ ಇಳಿದು ದುಡಿದವರನ್ನು. ಮೂರು ಕಿಲೋಮೀಟರಿಗೂ ಆಳದಲ್ಲಿ ಕೆಲಸ ನಡೆಯುತ್ತಿದ್ದ ಗಣಿ ಮುಚ್ಚಿದ್ದು 2001ರಲ್ಲಿ. ಅಲ್ಲಿ ದುಡಿದವರು ಈಗ ಮುದುಕರು, ಲಿಂಕ್ಡ್‌ಇನ್ ಅವರ ಲೋಕವಲ್ಲ. ಹಾಗಾಗಿ ಕೆಜಿಎಫ್‌ನ ಶಾಲೆಗಳಲ್ಲಿ ಓದಿ ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವ ಅವರ ಮಕ್ಕಳಿಗೆ ಬರೆಯುತ್ತಿದ್ದೇನೆ. ಮನೆಮಾತು ತಮಿಳಾಗಿರುವವರೇ ಹೆಚ್ಚು, ಆದ್ದರಿಂದ ಈ ಟಿಪ್ಪಣಿ ಮಾತ್ರ ಇಂಗ್ಲಿಷಿನಲ್ಲಿ ಹೋಗುತ್ತದೆ. ಅಪ್ಪ ಕನ್ನಡ, ತಮಿಳು ಬೆರೆಸಿ ಮಾತಾಡಿದರೂ ಸಂತೋಷ ಎಂದು ಸೇರಿಸುತ್ತೇನೆ. ಕೇಳುವ ಪ್ರಶ್ನೆ ಒಂದೇ: ಬೆಳಗಿನ ಪಾಳಿಗೆ ಕೆಳಗಿಳಿಯುವಾಗ ಅಪ್ಪ ಬುತ್ತಿಗೆ ಏನು ಕಟ್ಟಿಸಿಕೊಂಡು ಹೋಗುತ್ತಿದ್ದರು?